ನಾಲ್ಕು ಗಂಟೆಯ ಬೆಲ್ ಆದ ಮೇಲೆ

ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಭಾನುವಾರ ಬೆಳಗ್ಗೆ ಪೋಷಕರ ಮುಂದೆ ಆಡಿದ ಮಾತು ಇದು. ಮಕ್ಕಳನ್ನು ಕ್ಯಾಥೋಲಿಕ್ ಬೋರ್ಡಿಂಗ್ ಶಾಲೆಗೆ ಹಾಕಬೇಕೋ ಬೇಡವೋ, ಹಾಕುವುದಾದರೆ ಯಾವುದಕ್ಕೆ ಅನ್ನುವುದು ವಿಷಯ. ಬರೆದಿಡುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಅವತ್ತು ಹೇಳಲು ಮರೆತಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ.

ಮುಂದಿನ ಸಾಲಿನಲ್ಲಿ ಕೂತಿರುವ ಅಕ್ಕನವರ ಕೈಯಲ್ಲಿ ಮೂರು ಬ್ರೋಷರ್ ಇವೆ. ಬರುವಾಗ ಒಂದು ನಿಮಿಷ ಇಸ್ಕೊಂಡು ನೋಡಿದೆ. ಮೂರರ ಮುಖಪುಟದಲ್ಲೂ ಹೆಚ್ಚುಕಡಿಮೆ ಒಂದೇ ಚಿತ್ರ. ಹಿಂದೆ ದೊಡ್ಡ ಕಟ್ಟಡ, ಮುಂದೆ ಹುಲ್ಲು, ನಡುವೆ ನಗುವ ನಾಲ್ಕು ಮಕ್ಕಳು. ನೆರಳು ನೋಡಿದರೆ ಬೆಳಗ್ಗೆ ಹನ್ನೊಂದು ಗಂಟೆ ಇರಬಹುದು. ರಾತ್ರಿ ಒಂಬತ್ತಕ್ಕೆ ತೆಗೆದ ಫೋಟೋ ಹಾಕಿರುವ ಬ್ರೋಷರ್ ನಾನು ಇವತ್ತಿನವರೆಗೂ ನೋಡಿಲ್ಲ.

ನಾನು ಹೇಳಬೇಕಾಗಿರುವುದು ಇಷ್ಟೇ. ಶಾಲೆಯನ್ನು ನಾಲ್ಕು ಗಂಟೆಯ ಬೆಲ್ ಆದ ಮೇಲೆ ನೋಡಿ. ಒಂಬತ್ತರಿಂದ ನಾಲ್ಕರವರೆಗೆ ಪಿ.ಜೆ. ಬಡಾವಣೆಯ ಶಾಲೆಯಲ್ಲೂ ಬೆಟ್ಟದ ಮೇಲಿನ ಶಾಲೆಯಲ್ಲೂ ನಡೆಯುವುದು ಅದೇ ಲಸಾಅ, ಅದೇ ದ್ಯುತಿಸಂಶ್ಲೇಷಣೆ. ಬೋರ್ಡಿಂಗಿಗೆ ನೀವು ದುಡ್ಡು ಕಟ್ಟುವುದು ಆ ಏಳು ಗಂಟೆಗಲ್ಲ. ಮಿಕ್ಕ ಹದಿನೇಳು ಗಂಟೆಗೆ.

ಆ ಹದಿನೇಳು ಗಂಟೆಯಲ್ಲಿ ನಾನು ಐದು ವರ್ಷ ಇದ್ದು ಬಂದವನು. ನಮ್ಮದು ಜಗಳೂರು ಕಡೆಯ ಹಳ್ಳಿ. ಮನೆಯಲ್ಲಿ ಲಿಂಗಪೂಜೆ, ಹೊಲದಲ್ಲಿ ಜೋಳ, ಶೇಂಗಾ. ಅಪ್ಪ ಮಾಲು ಹಾಕುತ್ತಿದ್ದ ದಾವಣಗೆರೆಯ ದಲ್ಲಾಳಿ ಅಂಗಡಿ ಸಾಹುಕಾರರ ಮಗ ಘಟ್ಟದ ಕೆಳಗಿನ ಒಂದು ಬೋರ್ಡಿಂಗಿನಲ್ಲಿ ಓದಿ ಪಟಪಟ ಇಂಗ್ಲಿಷ್ ಮಾತಾಡುತ್ತಿದ್ದ. ಅಷ್ಟೇ ಕಾರಣ. ಬೇರೆ ಏನನ್ನೂ ಅಪ್ಪ ವಿಚಾರಿಸಲಿಲ್ಲ. ನನ್ನನ್ನಂತೂ ಕೇಳಲೇ ಇಲ್ಲ.

ಹೊರಡುವ ಮುಂಚಿನ ವಾರ ಅವ್ವ ನನ್ನ ಬಟ್ಟೆಗೆಲ್ಲ ಕೆಂಪು ದಾರದಲ್ಲಿ 47 ಅಂತ ಹೊಲಿದಳು. ಅಂಗಿಯ ಕಾಲರಿನ ಒಳಗೆ, ಚಡ್ಡಿಯ ಪಟ್ಟಿಗೆ, ಟವೆಲ್ಲಿನ ಮೂಲೆಗೆ, ಎರಡೂ ಬೆಡ್‌ಶೀಟಿಗೆ. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಅಪ್ಪ ಸ್ಲೇಟಿನ ಮೇಲೆ ಬರೆದುಕೊಟ್ಟಿದ್ದನ್ನು ನೋಡಿ ನೋಡಿ ಹೊಲಿದಳು. ಒಂದು ಬನಿಯನ್ನಿನ ಮೇಲೆ 4 ಹಿಂದುಮುಂದಾಗಿ ಕೂತಿತ್ತು. ಆ ಬನಿಯನ್ ಧೋಬಿ ಮನೆಗೆ ಹೋದಾಗಲೆಲ್ಲ ಯಾರದೋ ಪಾಲಾಗಿ, ಒಂದು ವಾರ ತಡವಾಗಿ ನನ್ನ ಹತ್ತಿರ ಬರುತ್ತಿತ್ತು.

ಊಟದ ಕಷ್ಟ ಹೇಳುತ್ತಾ ಹೋದರೆ ಮಧ್ಯಾಹ್ನ ಆಗುತ್ತದೆ. ರೊಟ್ಟಿ ತಿಂದು ಬೆಳೆದವನಿಗೆ ಬೆಳಗ್ಗೆ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ. ಅವ್ವ ಕಟ್ಟಿಕೊಟ್ಟ ಗುರೆಳ್ಳು ಚಟ್ನಿಪುಡಿ ದಸರಾ ರಜೆವರೆಗೆ ಬರಬೇಕು ಅಂತ ಲೆಕ್ಕ ಹಾಕಿ ಚಿಟಿಕೆ ಚಿಟಿಕೆ ತಿಂದೆ. ಅದು ಸಹಿಸಿಕೊಳ್ಳುವಂಥದ್ದು. ಹೊಟ್ಟೆ ಹೊಂದಿಕೊಳ್ಳುತ್ತದೆ.

ಎರಡನೇ ವಾರ ಹಾಸಿಗೆ ಒದ್ದೆ ಮಾಡಿಕೊಂಡೆ. ಮನೆಯಲ್ಲಿ ಇದ್ದಾಗ ಆ ಅಭ್ಯಾಸ ಬಿಟ್ಟು ನಾಲ್ಕು ವರ್ಷ ಆಗಿತ್ತು. ಆಗ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದವರು ಆ ಹಾಸಿಗೆ, ಬೆಡ್‌ಶೀಟನ್ನು ನನ್ನ ತಲೆಯ ಮೇಲೆ ಹೊರಿಸಿ, ತಿಂಡಿಗೆ ಸಾಲು ನಿಂತಿದ್ದ ಹುಡುಗರ ಮುಂದೆ ಒಂದು ಸುತ್ತು ಹಾಕಿಸಿದರು. ಬೆಡ್‌ಶೀಟಿನ ಮೂಲೆ ನನ್ನ ಮುಖದ ಮುಂದೆ ಇಳಿಬಿದ್ದಿತ್ತು. ಕೆಂಪು ದಾರದ 47 ಎಲ್ಲರಿಗೂ ಕಾಣುತ್ತಿತ್ತು.

ಕ್ರಿಸ್ಮಸ್ ರಜೆ ಮುಗಿಸಿ ಹೋದಾಗ ಅವರಿಗೆ ವರ್ಗ ಆಗಿತ್ತು. ಅವರ ಜಾಗಕ್ಕೆ ವಯಸ್ಸಾದ ಒಬ್ಬರು ಬ್ರದರ್ ಬಂದಿದ್ದರು. ಅವರು ರಾತ್ರಿ ಎರಡು ಸಲ ಸುತ್ತು ಬರುತ್ತಿದ್ದರು. ಟಾರ್ಚಿನ ಗಾಜನ್ನು ಅಂಗೈಯಿಂದ ಮುಚ್ಚಿಕೊಂಡಿರುತ್ತಿದ್ದರು, ಮಲಗಿದ ಮಕ್ಕಳ ಕಣ್ಣಿಗೆ ಬೆಳಕು ಬೀಳಬಾರದು ಅಂತ. ಕತ್ತಲಲ್ಲಿ ಅವರ ಕೈ ಒಂದೇ ಕೆಂಡದ ಹಾಗೆ ಕೆಂಪಗೆ ತೇಲಿಕೊಂಡು ಬರುತ್ತಿತ್ತು. ನನ್ನ ಮಂಚದ ಹತ್ತಿರ ಬಂದು ಕಾಲಿನ ಹೆಬ್ಬೆರಳು ಹಿಡಿದು ಅಲ್ಲಾಡಿಸಿ, "ಏಳು ಮಗಾ, ಹೋಗಿ ಬಾ" ಅನ್ನುತ್ತಿದ್ದರು. ನಾನು ಬಚ್ಚಲಿಗೆ ಹೋಗಿ ಬರುವವರೆಗೂ ಬಾಗಿಲಲ್ಲಿ ನಿಂತಿರುತ್ತಿದ್ದರು. ಆಮೇಲೆ ನನ್ನ ಹಾಸಿಗೆ ಒಂದು ದಿನವೂ ಒದ್ದೆಯಾಗಲಿಲ್ಲ.

ಕಟ್ಟಡ ಅದೇ. ಫೀಸು ಅದೇ. ಗೋಡೆಯ ಮೇಲಿನ ಸಂತರೂ ಅವರೇ. ರಾತ್ರಿ ಸುತ್ತು ಬರುವವರು ಮಾತ್ರ ಬೇರೆ. ಹೀಗಾಗಿ ಬೋರ್ಡಿಂಗ್ ಒಳ್ಳೆಯದೋ ಕೆಟ್ಟದ್ದೋ ಅಂತ ಯಾರಾದರೂ ಕೇಳಿದರೆ ನನಗೆ ಉತ್ತರ ಬರುವುದಿಲ್ಲ. ಯಾವ ವರ್ಷದ ಬೋರ್ಡಿಂಗ್, ಯಾರಿದ್ದಾಗ, ಅಂತ ತಿರುಗಿ ಕೇಳಬೇಕಾಗುತ್ತದೆ.

ಈಗ 'ಕಾನ್ವೆಂಟ್' ಅನ್ನುವ ಪದ ಸ್ವಲ್ಪ ಬಿಡಿಸೋಣ. ನಮ್ಮ ಕಡೆ ಟೈ, ಶೂ, ಹಳದಿ ವ್ಯಾನ್ ಇದ್ದರೆ ಅದು ಕಾನ್ವೆಂಟ್. ನಿಜವಾಗಿ ಆ ಪದಕ್ಕೆ ಸಿಸ್ಟರ್‌ಗಳು ಒಟ್ಟಾಗಿ ಬದುಕುವ ಮನೆ ಅಂತ ಅರ್ಥ. ಕ್ರೈಸ್ತರ ಕನ್ನಡದಲ್ಲಿ ಕನ್ಯಾಮಠ ಅನ್ನುತ್ತಾರೆ. ಮಠ ಅಂದ ಕೂಡಲೇ ನಮಗೆ ಅರ್ಥ ಆಗಿಬಿಡುತ್ತದೆ ಅಲ್ವಾ? ಸಿರಿಗೆರೆಯಲ್ಲಿ, ಸಿದ್ಧಗಂಗೆಯಲ್ಲಿ ಹೇಗೋ ಇಲ್ಲೂ ಹಾಗೇ. ಮೊದಲು ಮಠ, ಮಠದವರ ದಿನಚರಿ, ಅದರ ಒಳಗೆ ಮಕ್ಕಳು. ಬೆಳಗ್ಗೆ ಐದೂವರೆಗೆ ಗಂಟೆ ಹೊಡೆಯುವುದು ನಿಮ್ಮ ಮಗಳಿಗೆ ಶಿಸ್ತು ಕಲಿಸೋಕೆ ಅಂತ ಅಂದುಕೊಳ್ಳಬೇಡಿ. ಸಿಸ್ಟರ್‌ಗಳು ಪ್ರಾರ್ಥನೆಗೆ ಹೇಗೂ ಏಳುತ್ತಾರೆ. ಮನೆಯ ಹಿರಿಯರು ಎದ್ದ ಮೇಲೆ ಮಕ್ಕಳು ಮಲಗಿರುತ್ತಾರಾ? ಒಳ್ಳೆಯ ಬೋರ್ಡಿಂಗುಗಳ ಗುಟ್ಟು ಇದೇ. ಅಲ್ಲಿ ಶಿಸ್ತನ್ನು ಯಾರೂ ಹೇರುವುದಿಲ್ಲ. ದೊಡ್ಡವರು ಬದುಕುವುದೇ ಹಾಗೆ. ದೊಡ್ಡವರು ಎಂಟಕ್ಕೆ ಎದ್ದು ಮಕ್ಕಳನ್ನು ಐದಕ್ಕೆ ಎಬ್ಬಿಸುವ ಕಡೆ ಉಳಿಯುವುದು ಬೆತ್ತ ಒಂದೇ.

ಬೋರ್ಡಿನ ಮೇಲೆ 'ಸೇಂಟ್' ಅಂತ ಇದ್ದ ಮಾತ್ರಕ್ಕೆ ಕ್ಯಾಥೋಲಿಕ್ ಶಾಲೆ ಆಗುವುದಿಲ್ಲ. ಸೇಂಟ್ ಹೆಸರು ಇಟ್ಟುಕೊಂಡ ಎಷ್ಟೋ ಖಾಸಗಿ ಟ್ರಸ್ಟಿನ ಶಾಲೆಗಳು ಸಣ್ಣ ಊರುಗಳಲ್ಲೂ ಇವೆ. ಅವುಗಳಿಗೂ ಚರ್ಚಿಗೂ ಏನೇನೂ ಸಂಬಂಧ ಇಲ್ಲ. ತಪ್ಪೇನಲ್ಲ, ಆದರೆ ನಿಮಗೆ ಗೊತ್ತಿರಬೇಕು. ಕ್ರೈಸ್ತ ಶಾಲೆಗಳೆಲ್ಲ ಕ್ಯಾಥೋಲಿಕ್ ಅಂತಲೂ ಅಲ್ಲ. ಬೆಂಗಳೂರಿನ ಬಿಷಪ್ ಕಾಟನ್ 1865ರಷ್ಟು ಹಳೆಯದು, ಪ್ರೊಟೆಸ್ಟೆಂಟರದು. ಬಾಲ್ಡ್‌ವಿನ್ ಮೆಥಡಿಸ್ಟರದು. 1894ರಲ್ಲಿ ನಮಗೆ ನಿಘಂಟು ಕೊಟ್ಟ ಕಿಟೆಲ್ ಕೂಡ ಬಾಸೆಲ್ ಮಿಷನ್ನಿನವರು, ಕ್ಯಾಥೋಲಿಕರಲ್ಲ. ಕ್ಯಾಥೋಲಿಕ್ ಚರ್ಚಿನ 1983ರ ಕಾನೂನು ಸಂಹಿತೆಯಲ್ಲಿ 803ನೇ ನಿಯಮ ಅಂತ ಒಂದಿದೆ. ಚರ್ಚಿನ ಅಧಿಕಾರಿಗಳ ಒಪ್ಪಿಗೆ ಇಲ್ಲದೆ ಯಾವ ಶಾಲೆಯೂ 'ಕ್ಯಾಥೋಲಿಕ್ ಶಾಲೆ' ಅಂತ ಹೆಸರು ಹಾಕಿಕೊಳ್ಳುವಂತಿಲ್ಲ. ಹಾಗಾಗಿ ಅನುಮಾನ ಬಂದರೆ ವಿಚಾರಿಸುವುದು ಸುಲಭ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರುತ್ತವೆ. ಧರ್ಮಪ್ರಾಂತ್ಯ ಅಂದರೆ ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ, ಇದು 1988ರಲ್ಲಿ ಆದದ್ದು. ಅಷ್ಟು ದೂರ ಯಾಕೆ, ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಸೆಪ್ಟೆಂಬರ್ 8ಕ್ಕೆ ನಿಮ್ಮಲ್ಲೇ ಎಷ್ಟೋ ಜನ ಹೋಗಿ ಮೇಣದಬತ್ತಿ ಹಚ್ಚಿ ಬಂದಿರುತ್ತೀರಿ. 2020ರಲ್ಲಿ ಬಸಿಲಿಕ, ಅಂದರೆ ಪೋಪರಿಂದ ವಿಶೇಷ ಮನ್ನಣೆ ಪಡೆದ ಚರ್ಚು ಆಯಿತಲ್ಲ, ಅದೇ. ಅಲ್ಲಿ ಯಾರಾದರೂ ಫಾದರ್ ಹತ್ತಿರ ಬ್ರೋಷರ್ ತೋರಿಸಿ 'ಇದು ಯಾರದು ಫಾದರ್?' ಅಂತ ಕೇಳಿ ನೋಡಿ.

ಯಾರದು ಅನ್ನುವ ಪ್ರಶ್ನೆಗೆ ತೂಕ ಇದೆ. ಕೆಲವು ಶಾಲೆ ನೇರವಾಗಿ ಬಿಷಪರ ಕೆಳಗೆ ಇರುತ್ತವೆ. ಜಾಸ್ತಿ ಬೋರ್ಡಿಂಗುಗಳನ್ನು ನಡೆಸುವುದು ಬೇರೆ ಬೇರೆ ಧಾರ್ಮಿಕ ಸಭೆಗಳು, ಅಂದರೆ ವ್ರತ ತೊಟ್ಟ ಫಾದರ್, ಬ್ರದರ್, ಸಿಸ್ಟರ್‌ಗಳ ಸಂಘಗಳು. ಪ್ರಿನ್ಸಿಪಾಲರ ಹೆಸರಿನ ಹಿಂದೆ ಇರುವ ಅಕ್ಷರ ನೋಡಿ. ಎಸ್.ಜೆ. ಅಂದರೆ ಯೇಸುಸಭೆ, 1540ರಿಂದ ಇರುವವರು. ಮಂಗಳೂರಿನ ಅಲೋಶಿಯಸ್, ಡಾರ್ಜಿಲಿಂಗಿನ ನಾರ್ತ್ ಪಾಯಿಂಟ್ ಕಟ್ಟಿದ್ದು ಅವರೇ. ಓದಿನ ವಿಷಯದಲ್ಲಿ ಬಲು ಬಿಗಿ. ಎಸ್.ಡಿ.ಬಿ. ಅಂದರೆ ಡಾನ್ ಬಾಸ್ಕೋ ಅನ್ನುವ ಇಟಲಿಯ ಪಾದ್ರಿ ಕಟ್ಟಿದ ಸಭೆಯವರು, ಸಲೇಶಿಯನ್ನರು. ಏರ್ಕಾಡಿನಲ್ಲಿ 1917ರಿಂದ ಇರುವ ಮಾಂಟ್‌ಫರ್ಟ್ ಶಾಲೆಯನ್ನು ನಡೆಸುವವರು ಬ್ರದರ್‌ಗಳು. ಅವರು ಪಾದ್ರಿಗಳಲ್ಲ, ಪೂಜೆ ಅರ್ಪಿಸುವುದಿಲ್ಲ, ಕಲಿಸುವುದೇ ಅವರ ವ್ರತ. ಸಿಸ್ಟರ್‌ಗಳಲ್ಲಿ ಅಪೊಸ್ತಲಿಕ ಕಾರ್ಮೆಲ್, ಉರ್ಸುಲೈನ್ ಫ್ರಾನ್ಸಿಸ್ಕನ್, 1921ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ ಬೆಥನಿ, ಹೀಗೆ ತುಂಬಾ ಇವೆ. ಒಂದೊಂದಕ್ಕೂ ಒಂದೊಂದು ಜಾಯಮಾನ. ನಮ್ಮ ಮಠಗಳಲ್ಲಿ ಇಲ್ವಾ, ಹಾಗೆ.

ಡಾನ್ ಬಾಸ್ಕೋ ಕಥೆ ಸ್ವಲ್ಪ ಹೇಳಲೇಬೇಕು. ನನ್ನ ಹದಿನೇಳು ಗಂಟೆಯ ಲೆಕ್ಕ ಅವರಿಂದ ಕಲಿತಿದ್ದು. ಇಟಲಿಯ ಟ್ಯೂರಿನ್ ಪಟ್ಟಣ. ಕಾರ್ಖಾನೆ ಎದ್ದು, ಹಳ್ಳಿಯ ಹುಡುಗರು ಗಾರೆ ಕೆಲಸಕ್ಕೆ, ಚಿಮಣಿ ಗುಡಿಸೋಕೆ ಗುಂಪು ಗುಂಪಾಗಿ ಬರುತ್ತಿದ್ದ ಕಾಲ. ಹತ್ತಿ ಗಿರಣಿಯ ದಾವಣಗೆರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಸ್ಕೋ ಒಮ್ಮೆ ಅಂಥ ಹುಡುಗರನ್ನು ಕರೆದು ತಂದು ಹುಲ್ಲಿನ ಅಟ್ಟದ ಮೇಲೆ ಮಲಗಿಸಿದರು. ಹೊದೆಯಲು ಕಂಬಳಿ ಕೊಟ್ಟರು. ಬೆಳಗ್ಗೆ ನೋಡಿದರೆ ಹುಡುಗರೂ ಇಲ್ಲ, ಕಂಬಳಿಯೂ ಇಲ್ಲ!

ಆಮೇಲೆ 1847ರ ಮೇ ತಿಂಗಳ ಒಂದು ಮಳೆಯ ರಾತ್ರಿ. ಹದಿನೈದರ ಆಸುಪಾಸಿನ ಅನಾಥ ಹುಡುಗ, ಗಾರೆ ಕೆಲಸ ಹುಡುಕಿಕೊಂಡು ಬಂದವನು, ನೆನೆದು ತೊಪ್ಪೆಯಾಗಿ ಬಾಗಿಲಲ್ಲಿ ನಿಂತ. ಬಾಸ್ಕೋ ಅವರ ತಾಯಿ ಮಾರ್ಗರೀಟಾ ಒಳಗೆ ಕರೆದು, ಒಲೆಯ ಮುಂದೆ ಕೂರಿಸಿ, ಸೂಪು, ಬ್ರೆಡ್ಡು ಕೊಟ್ಟಳು. ಅಡುಗೆಮನೆಯಲ್ಲೇ ನಾಲ್ಕು ಇಟ್ಟಿಗೆ ಇಟ್ಟು, ಹಲಗೆ ಹಾಸಿ ಹಾಸಿಗೆ ಮಾಡಿಕೊಟ್ಟರು. ಮಲಗುವ ಮುಂಚೆ ಆ ತಾಯಿ ಅವನ ಹತ್ತಿರ ಕೂತು, ದುಡಿಮೆ, ನಂಬಿಕೆ, ದೇವರು ಅಂತ ನಾಲ್ಕು ಮಾತು ಹೇಳಿದಳು. ಹೇಳಿ ಆದ ಮೇಲೆ ಅಡುಗೆಮನೆಗೆ ಬೀಗ ಹಾಕಿದರು. ಪಾತ್ರೆ ಹೋದಾವು ಅಂತ! ಈ ಬೀಗದ ಸಂಗತಿ ಬಾಸ್ಕೋ ತಾವೇ ಬರೆದಿಟ್ಟಿದ್ದಾರೆ. ಅದಕ್ಕೇ ನನಗೆ ಆ ಮನುಷ್ಯ ಇಷ್ಟ. ಆ ಹುಡುಗನಿಂದ ಅವರ ಬೋರ್ಡಿಂಗ್ ಶುರುವಾಯಿತು. ಮಲಗುವ ಮುಂಚಿನ ಆ ನಾಲ್ಕು ಮಾತು ಪದ್ಧತಿಯಾಗಿ ಉಳಿಯಿತು. ಸಲೇಶಿಯನ್ನರ ಬೋರ್ಡಿಂಗಿಗೆ ಹೋದರೆ 'ಗುಡ್ ನೈಟ್' ಅಂತ ಇರುತ್ತದೆ. ಎರಡು ಮೂರು ನಿಮಿಷದ ಮಾತು ಅಷ್ಟೇ. ಅವತ್ತು ನಡೆದ ಒಂದು ಸಂಗತಿ ಹೇಳಿ, ಮಕ್ಕಳನ್ನು ಮಲಗಲು ಕಳಿಸುತ್ತಾರೆ.

1884ರಲ್ಲಿ, ವಯಸ್ಸಾದ ಮೇಲೆ, ಬಾಸ್ಕೋ ರೋಮಿನಿಂದ ತಮ್ಮವರಿಗೆ ಒಂದು ಕಾಗದ ಬರೆದರು. ಅದರಲ್ಲಿ ಅವರ ತಕರಾರು ಪಾಠದ ಬಗ್ಗೆ ಅಲ್ಲ. ಆಟದ ಬಯಲಿನ ಬಗ್ಗೆ. ಮೊದಲು ದೊಡ್ಡವರು ಹುಡುಗರ ಜೊತೆ ಬಯಲಲ್ಲಿ ಓಡಾಡುತ್ತಿದ್ದರು, ಈಗ ದೂರ ನಿಂತು ತಮ್ಮತಮ್ಮಲ್ಲೇ ಮಾತಾಡುತ್ತಾರೆ ಅಂತ ದುಃಖ. ಹುಡುಗರನ್ನು ಪ್ರೀತಿಸಿದರೆ ಸಾಲದು, ತಮ್ಮನ್ನು ಪ್ರೀತಿಸುತ್ತಾರೆ ಅಂತ ಹುಡುಗರಿಗೆ ಗೊತ್ತಾಗಬೇಕು ಅನ್ನುವುದು ಆ ಕಾಗದದ ತಿರುಳು. ಈ ಸಭೆಯವರು 1906ರಲ್ಲಿ ತಂಜಾವೂರಿಗೆ ಬಂದರು, ಆಮೇಲೆ ದೇಶದ ತುಂಬಾ ಹಬ್ಬಿದರು. ನೀವು ಯಾವುದೇ ಸಭೆಯ ಶಾಲೆ ನೋಡೋಕೆ ಹೋಗಿ, ಸಂಜೆ ಐದಕ್ಕೆ ಬಯಲಿನ ಅಂಚಿನಲ್ಲಿ ಹತ್ತು ನಿಮಿಷ ನಿಂತುಕೊಳ್ಳಿ. ದೊಡ್ಡವರು ಎಲ್ಲಿದ್ದಾರೆ? ಬಯಲ ಒಳಗಾ, ವರಾಂಡದಲ್ಲಾ, ಮೊಬೈಲ್ ಒಳಗಾ?

ಧರ್ಮದ ಪ್ರಶ್ನೆಗೆ ಬರುತ್ತೇನೆ. ನೀವು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಮೀಟಿಂಗ್ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಮೆಲ್ಲಗೆ ಕೇಳುತ್ತೀರಿ. 'ಮೇಷ್ಟ್ರೇ, ಅಲ್ಲಿ ಹೋದರೆ ನಮ್ಮ ಹುಡುಗ...' ಅಂತ ಅರ್ಧಕ್ಕೇ ನಿಲ್ಲಿಸುತ್ತೀರಿ. ನಾನು ಐದು ವರ್ಷ ಕೊರಳಲ್ಲಿ ಲಿಂಗ ಕಟ್ಟಿಕೊಂಡೇ ಇದ್ದೆ. ಅದೇನು ಅಂತ ಆ ಮುದುಕ ಬ್ರದರ್ ಒಂದು ದಿನ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. ಸ್ನಾನದ ಮನೆಯಲ್ಲಿ ಕಳಚಿ ಇಡಬೇಡ, ಹುಡುಗರು ಆಟಕ್ಕೆ ಎತ್ತಿಕೊಂಡು ಹೋಗುತ್ತಾರೆ ಅಂದರು. ಅಷ್ಟೇ ನಡೆದದ್ದು.

ಕಾನೂನೂ ಹೇಳಿಬಿಡುತ್ತೇನೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. 28ನೇ ವಿಧಿಯ ಮೂರನೇ ಖಂಡ ನಿಮಗೆ ಒಂದು ಹಕ್ಕು ಕೊಡುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ, ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲ. ಸಾಮಾನ್ಯವಾಗಿ ಕ್ಯಾಥೋಲಿಕ್ ಮಕ್ಕಳಿಗೆ ಧರ್ಮೋಪದೇಶದ ಕ್ಲಾಸು, ಉಳಿದವರಿಗೆ ಅದೇ ಪೀರಿಯಡ್ಡಿನಲ್ಲಿ ನೀತಿಪಾಠ ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಭಾರತದ ಕ್ಯಾಥೋಲಿಕ್ ಬಿಷಪರ ಮಂಡಳಿಯೇ ತನ್ನ ಶಾಲೆಗಳಿಗೆ ಸೂಚನೆ ಕಳಿಸಿತು. ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬೇಡಿ, ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ ಅಂತ. ಆದರೆ ಒಂದು ಮಾತು. ಗಂಟೆಯ ಸದ್ದು, ಗೋಡೆಯ ಮೇಲೆ ಶಿಲುಬೆ, ಊಟದ ಮುಂಚೆ ಎದ್ದು ನಿಂತು ಪ್ರಾರ್ಥನೆ, ಡಿಸೆಂಬರಿನಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ, ಇವೆಲ್ಲ ಇದ್ದೇ ಇರುತ್ತವೆ. ಅದು ಅವರ ಮನೆ. ಇದರಿಂದ ಕಿರಿಕಿರಿ ಆಗುವವರು ಹೋಗದೇ ಇರುವುದೇ ಎರಡೂ ಕಡೆಗೆ ನೆಮ್ಮದಿ. ಮಗುವನ್ನು ಅಲ್ಲಿ ಬಿಟ್ಟು, ಮನೆಗೆ ಬಂದಾಗಲೆಲ್ಲ ಅದನ್ನು ಆಡಿಕೊಂಡರೆ ಮಗುವಿಗೆ ಎರಡೂ ಮನೆ ತಪ್ಪಿಹೋಗುತ್ತವೆ.

ಕ್ಯಾಥೋಲಿಕ್ ಮನೆಯವರೂ ಇಲ್ಲಿ ಒಂದಿಬ್ಬರು ಇದ್ದೀರಿ. ನಿಮ್ಮ ಪ್ರಶ್ನೆ ಉಲ್ಟಾ ಇರುತ್ತದೆ. ಅಲ್ಲಿ ಭಕ್ತಿ ಉಳಿಯುತ್ತದಾ ಅಂತ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಅಂದರೆ ಲೋಕದ ಕ್ಯಾಥೋಲಿಕ್ ಬಿಷಪರೆಲ್ಲ ಸೇರಿದ್ದ ಸಭೆ, ಶಿಕ್ಷಣದ ಬಗ್ಗೆ ಕೊಟ್ಟ ಘೋಷಣೆಯಲ್ಲಿ ತಂದೆತಾಯಿಯೇ ಮೊದಲ ಗುರುಗಳು ಅಂತ ಇದೆ. ಜಪಸರದ ಪ್ರಾರ್ಥನೆಯನ್ನು ಮನೆಯಲ್ಲಿ ಬಿಟ್ಟು ಬೋರ್ಡಿಂಗಿಗೆ ಗುತ್ತಿಗೆ ಕೊಟ್ಟರೆ ಹೇಗೆ?

ಇನ್ನೊಂದು ಕೋರ್ಟಿನ ಸಂಗತಿ, ಬೇಗ ಮುಗಿಸುತ್ತೇನೆ. 2014ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಅಂದಿತು. ಹಾಗಾಗಿ ಆ ಕಾಯ್ದೆಯಲ್ಲಿ (ಆರ್‌ಟಿಇ) ಬಡ ಮಕ್ಕಳಿಗೆ ಅಂತ ಇರುವ ಶೇ. 25ರ ಸೀಟು ಅಂತ ಅಲ್ಲಿ ಹೋಗಿ ಕೇಳಿದರೆ ಸಿಗುವುದಿಲ್ಲ. ಫೀಸಿನ ರಿಯಾಯಿತಿ ಅವರ ಮರ್ಜಿ. ಕೇಳಿದರೆ ಕೊಡುವವರು ಇದ್ದಾರೆ. ಕೇಳೋಕೆ ನಮಗೆ ನಾಚಿಕೆ.

ನಿಜ ಹೇಳಬೇಕು ಅಂದ್ರೆ, ಇಲ್ಲಿ ಕೂತಿರುವ ಯಾರೂ ತಲೆಕೆಡಿಸಿಕೊಳ್ಳದ ಒಂದು ಬಗೆಯ ಬೋರ್ಡಿಂಗೇ ನನಗೆ ಎಲ್ಲಕ್ಕಿಂತ ಒಳ್ಳೆಯದು ಅನ್ನಿಸುತ್ತದೆ. ಸಿಸ್ಟರ್‌ಗಳು ನಡೆಸುವ ಅನುದಾನಿತ ಕನ್ನಡ ಮೀಡಿಯಂ ಹೈಸ್ಕೂಲು, ಅದರ ಪಕ್ಕದಲ್ಲಿ ಹಳ್ಳಿ ಹೆಣ್ಣುಮಕ್ಕಳಿಗೆ ಅಂತ ಒಂದು ಹಾಸ್ಟೆಲು. ಮೇಷ್ಟ್ರುಗಳ ಸಂಬಳ ಸರ್ಕಾರದ್ದು. ಹಾಸ್ಟೆಲಿನ ಖರ್ಚು ಅಕ್ಕಿ, ಬೇಳೆಯದು. ಬ್ರೋಷರ್ ಇಲ್ಲ. ಈಜುಕೊಳ ಇಲ್ಲ. ಸಂಜೆ ಮಕ್ಕಳೇ ತರಕಾರಿ ಹೆಚ್ಚುತ್ತವೆ, ಪಕ್ಕದಲ್ಲಿ ಸಿಸ್ಟರ್ ಒಬ್ಬರು ಕೂತು ತಾವೂ ಹೆಚ್ಚುತ್ತಾರೆ. ನನ್ನ ಮಗಳನ್ನು ಎಂಟನೇ ಕ್ಲಾಸಿಗೆ ನಾನು ಹಾಕಿದ್ದು ಅಂಥದ್ದಕ್ಕೇ. ಸಂಬಂಧಿಕರು ನಕ್ಕರು. 'ಇಷ್ಟು ದೂರ ಕಳಿಸಿ ಕನ್ನಡ ಮೀಡಿಯಮ್ಮಾ?' ಅಂದರು. ಮೂರು ವರ್ಷ ಅವಳು ಹುರುಳಿಕಾಯಿ ಹೆಚ್ಚುತ್ತಾ ಆ ಸಿಸ್ಟರ್ ಹತ್ತಿರ ಎಷ್ಟು ಮಾತಾಡಿದಳೋ, ನನ್ನ ಹತ್ತಿರ ಅಷ್ಟು ಆಡಿರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಅನ್ನಿ.

ಕನ್ನಡ ಅಂದ ಕೂಡಲೇ ನೆನಪಾಯಿತು. ನಮ್ಮ ಬೋರ್ಡಿಂಗಿನಲ್ಲಿ ಒಂದು ಮರದ ಬಿಲ್ಲೆ ಇತ್ತು. ಕನ್ನಡ ಮಾತಾಡಿ ಸಿಕ್ಕಿಬಿದ್ದವನ ಕೈಗೆ ಅದು ಬರುತ್ತಿತ್ತು. ಅವನು ಇನ್ನೊಬ್ಬನನ್ನು ಹಿಡಿದು ದಾಟಿಸಬೇಕು. ರಾತ್ರಿ ಊಟದ ಹೊತ್ತಿಗೆ ಯಾರ ಹತ್ತಿರ ಇರುತ್ತದೋ ಅವನಿಗೆ ಮಾರನೇ ದಿನ ಆಟ ಇಲ್ಲ. ಇಂಗ್ಲಿಷ್ ಬಂತಾ? ಬಂತು. ಅದರ ಜೊತೆಗೆ ಗೆಳೆಯನ ಬಾಯಿಂದ ಕನ್ನಡ ಹೊರಡಿಸಿ ಸಿಕ್ಕಿಹಾಕಿಸುವ ಕಲೆಯೂ ಬಂತು. ಮರದ ಬಿಲ್ಲೆ ಈಗ ಇರಲಾರದು, ದಂಡ ಇರುತ್ತದೆ. ಹಾಸ್ಟೆಲಿನಲ್ಲಿ, ಕ್ಲಾಸಿನಲ್ಲಲ್ಲ, ಮಕ್ಕಳು ಯಾವ ಭಾಷೆಯಲ್ಲಿ ಅಳಬಹುದು ಅಂತ ಕೇಳಿ ತಿಳಿದುಕೊಳ್ಳಿ.

ನೋಡೋಕೆ ಹೋಗುವ ದಿನದ ಬಗ್ಗೆ. ಅಡ್ಮಿಷನ್ ಆಫೀಸಿನವರು ಬೆಳಗ್ಗೆ ಹತ್ತಕ್ಕೆ ಬನ್ನಿ ಅನ್ನುತ್ತಾರೆ. ಬಸ್ಸು ತಡ ಆಯಿತು ಅಂತ ಸುಮ್ನೆ ಸಂಜೆ ನಾಲ್ಕಕ್ಕೆ ಹೋಗಿ. ಪ್ರಿನ್ಸಿಪಾಲರ ರೂಮು, ಕಂಪ್ಯೂಟರ್ ಲ್ಯಾಬು ಬಿಟ್ಟುಬಿಡಿ. ಬಚ್ಚಲು ನೋಡಬೇಕು ಅನ್ನಿ. ಚಿಲಕ ಒಳಗಿನಿಂದ ಬೀಳುತ್ತದಾ ನೋಡಿ. ಕಾಯಿಲೆ ಬಿದ್ದ ಮಕ್ಕಳನ್ನು ಮಲಗಿಸುವ ರೂಮು ನೋಡಬೇಕು ಅನ್ನಿ. ಅಲ್ಲಿ ಗೋಣಿಚೀಲ, ಮುರಿದ ಡೆಸ್ಕು ತುಂಬಿದ್ದರೆ ಕಾಯಿಲೆ ಬಿದ್ದವರು ಎಲ್ಲಿ ಮಲಗುತ್ತಾರೆ ಅಂತ ನೀವೇ ಊಹಿಸಿಕೊಳ್ಳಿ. ಮಕ್ಕಳು ಮಲಗುವ ಹಾಲಿಗೂ ವಾರ್ಡನ್ ಮಲಗುವ ಮಂಚಕ್ಕೂ ಎಷ್ಟು ಹೆಜ್ಜೆ ಅಂತ ಎಣಿಸಿ. ರಾತ್ರಿ ಹೊರಗಿನಿಂದ ಬೀಗ ಹಾಕುತ್ತಾರಾ, ಹಾಕಿದರೆ ಕೀಲಿ ಯಾರ ಹತ್ತಿರ? ಒಪ್ಪಿಗೆ ಕೇಳಿ ಏಳನೇ ಕ್ಲಾಸಿನ ಯಾವುದಾದರೂ ಮಗುವಿನ ಹತ್ತಿರ ಎರಡು ನಿಮಿಷ ಮಾತಾಡಿ. 'ಇಲ್ಲಿ ಚೆನ್ನಾಗಿದೆಯಾ?' ಅಂತ ಕೇಳಬೇಡಿ, ಚೆನ್ನಾಗಿದೆ ಅನ್ನುತ್ತದೆ. 'ಹೋದ ಸಲ ಜ್ವರ ಬಂದಾಗ ಮೊದಲು ಯಾರಿಗೆ ಹೇಳಿದೆ?' ಅಂತ ಕೇಳಿ. ಮಗು ಒಂದು ಹೆಸರು ಹೇಳಿದರೆ ಸಮಾಧಾನ. ಯೋಚನೆ ಮಾಡೋಕೆ ಶುರುಮಾಡಿದರೆ ನೀವೂ ಯೋಚನೆ ಮಾಡಿ.

ಸಸ್ಯಾಹಾರದವರು ಮೊಟ್ಟೆಯ ಬಗ್ಗೆ, ಸೌಟಿನ ಬಗ್ಗೆ ಕೇಳಿಕೊಳ್ಳಿ. ಮುಖ ನೋಡಿಕೊಂಡು ಸುಮ್ಮನಾಗಬೇಡಿ. ಫೀಸಿನ ವಿವರ ಬರಹದಲ್ಲಿ ತಗೊಳ್ಳಿ, ಡೆಪಾಸಿಟ್ ವಾಪಸ್ ಯಾವಾಗ ಅನ್ನುವುದೂ ಸೇರಿ.

ಇದಕ್ಕಿಂತ ಕಷ್ಟದ ಒಂದು ಮಾತಿದೆ. ಮಕ್ಕಳ ಮೇಲೆ ಕೈ ಹಾಕುವವರು ಎಲ್ಲ ಕಡೆ ಇದ್ದಾರೆ, ಬೋರ್ಡಿಂಗಿನಲ್ಲಿ ಅಂಥವರಿಗೆ ಅವಕಾಶ ಜಾಸ್ತಿ. ಖಾವಿ, ಬಿಳಿ ನಿಲುವಂಗಿ, ಸಫಾರಿ, ಬಟ್ಟೆ ಯಾವುದಾದರೂ ಆಗಬಹುದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಪ್ರಕಾರ ಇಂಥದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಒಂದು ಅಪರಾಧ. 'ಶಾಲೆಯ ಮರ್ಯಾದೆ, ಒಳಗೇ ಮುಗಿಸೋಣ' ಅನ್ನುವ ಹಾಗಿಲ್ಲ. ಪೋಪ್ ಫ್ರಾನ್ಸಿಸ್ 2019ರಲ್ಲಿ ಮಾಡಿದ ನಿಯಮದಂತೆ ಪ್ರತಿ ಧರ್ಮಪ್ರಾಂತ್ಯದಲ್ಲೂ ಇಂಥ ದೂರು ಕೊಡಲು ಒಂದು ವ್ಯವಸ್ಥೆ ಇರಬೇಕು. ಆದ್ದರಿಂದ ಮಕ್ಕಳ ರಕ್ಷಣೆಯ ನೀತಿ ನಿಮ್ಮಲ್ಲಿ ಬರಹದಲ್ಲಿ ಇದೆಯಾ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಒಳ್ಳೆಯ ಶಾಲೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ, ಎದ್ದು ಹೋಗಿ ಫೈಲು ತರುತ್ತಾರೆ. ಮಕ್ಕಳ ಸಹಾಯವಾಣಿ 1098 ಅನ್ನುವ ನಂಬರ್ ಆಫೀಸಿನ ಗೋಡೆಯ ಮೇಲೆ ಇದ್ದರೆ ಉಪಯೋಗ ಇಲ್ಲ. ಮಕ್ಕಳು ಓಡಾಡುವ ಕಡೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಇರಬೇಕು.

ಅಡ್ಮಿಷನ್ ದಿನ ನೋಡಿದ ಫಾದರನ್ನು ನಂಬಿಕೊಂಡು ಮಗುವನ್ನು ಬಿಡಬೇಡಿ. ಅವರು ಒಳ್ಳೆಯವರೇ ಇರಬಹುದು. ಆದರೆ ಸಭೆಯವರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗ ಇದ್ದದ್ದೇ, ಬೇಸಿಗೆ ರಜೆಯಲ್ಲಿ ಹೊಸಬರು ಬಂದಿರುತ್ತಾರೆ. ಮೊದಲಿನಷ್ಟು ಹುಡುಗ ಹುಡುಗಿಯರು ಈಗ ಬ್ರದರ್, ಸಿಸ್ಟರ್ ಆಗೋಕೆ ಬರುತ್ತಿಲ್ಲ ಬೇರೆ. ಎಷ್ಟೋ ಹಳೆಯ ಶಾಲೆಗಳು ಬೋರ್ಡಿಂಗನ್ನೇ ಮುಚ್ಚಿವೆ. ಉಳಿದ ಕೆಲವು ಕಡೆ ರಾತ್ರಿ ಕೆಲಸ ಸಂಬಳದವರ ಕೈಗೆ ಬಂದಿದೆ. ತಪ್ಪಿಲ್ಲ. ಆದರೆ ಅವರಿಗೆ ಎಷ್ಟು ಸಂಬಳ, ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಬಹುದಲ್ಲ? ಆರು ತಿಂಗಳಿಗೊಬ್ಬರು ವಾರ್ಡನ್ ಬದಲಾಗುವ ಕಡೆ ಫಾದರ್ ಸಂತರೇ ಆಗಿದ್ದರೂ ಪ್ರಯೋಜನ ಇಲ್ಲ.

ಎಷ್ಟು ವಯಸ್ಸಿಗೆ ಕಳಿಸಬೇಕು ಅಂತ ಚೀಟಿ ಬಂದಿದೆ. ನನ್ನ ಅಭಿಪ್ರಾಯ ಕೇಳಿದರೆ ಎಂಟನೇ ಕ್ಲಾಸು. ಐದಕ್ಕಿಂತ ಮುಂಚೆ ಬೇಡವೇ ಬೇಡ. ಮೊಬೈಲ್ ಚಟ ಬಿಡಿಸೋಕೆ ಅಂತ ಇನ್ನೊಂದು ಚೀಟಿ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡರಂತೆ. ರಜೆಗೆ ಮನೆಗೆ ಬಂದ ಮಗು ನಿಮ್ಮ ಕೈಯಲ್ಲಿ ಮೊಬೈಲ್ ನೋಡುವುದಿಲ್ಲವಾ?

ನವೋದಯ ಬಿಟ್ಟು ಇದ್ಯಾಕೆ ಅಂತ ಹಿಂದಿನಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿ ಒಂದಿದೆ, ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿ ಒಂದಿದೆ. ಆರನೇ ಕ್ಲಾಸಿಗೆ ಪರೀಕ್ಷೆ, ಒಂದು ಶಾಲೆಗೆ ಹೆಚ್ಚೆಂದರೆ 80 ಸೀಟು, ಅದರಲ್ಲಿ ಮುಕ್ಕಾಲು ಪಾಲು ಹಳ್ಳಿ ಮಕ್ಕಳಿಗೆ. ಸಿಕ್ಕರೆ ಕಣ್ಣಿಗೊತ್ತಿಕೊಂಡು ಕಳಿಸಿ. ಅಲ್ಲೂ ಸಂಜೆ ನಾಲ್ಕಕ್ಕೇ ಹೋಗಿ ನೋಡಿ.

ಮೀಟಿಂಗ್ ಮುಗಿದು ಎಲ್ಲರೂ ಟೀ ಕುಡಿಯುತ್ತಿದ್ದಾಗ ಆ ಮೂರು ಬ್ರೋಷರಿನ ಅಕ್ಕ ಹತ್ತಿರ ಬಂದರು. ಜೊತೆಯಲ್ಲಿ ಅವರ ಮಗ. ಮಾತು ಮುಗಿಯುವವರೆಗೂ ಅವನು ಕೊನೆಯ ಸಾಲಿನಲ್ಲಿ ಕೂತಿದ್ದನಂತೆ, ನಾನು ನೋಡಿರಲಿಲ್ಲ. ಆರನೇ ಕ್ಲಾಸಿಗೆ ಹೋಗುವವನು. "ಮೂರರಲ್ಲಿ ಯಾವುದು ಒಳ್ಳೆದು ಸಾರ್?" ಅಂತ ಅವರು ನನ್ನ ಮುಂದೆ ಬ್ರೋಷರ್ ಹಿಡಿದರು. ನಾನು ಹುಡುಗನಿಗೆ, "ನೀನು ಏನು ಕೇಳಬೇಕು ಅಂತಿದೀಯಪ್ಪಾ?" ಅಂದೆ. ಅವನು ಅವ್ವನ ಮುಖ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ.

"ಅಲ್ಲಿ ರಾತ್ರಿ ಎಲ್ಲಾ ಲೈಟೂ ಆರಿಸ್ತಾರಾ?"

"ಇವನು ಮನೇಲಿ ಜೀರೋ ಬಲ್ಬ್ ಇಲ್ದೆ ಮಲಗಲ್ಲ ಸಾರ್," ಅಂತ ಆ ಅಕ್ಕ ನಾಚಿಕೊಂಡು ನಕ್ಕರು. ಲೈಟಿನ ವಿಷಯ ಮೂರು ಕಡೆಯೂ ವಿಚಾರಿಸಿರಲಿಲ್ಲವಂತೆ. ನನ್ನ ಪೆನ್ನು ಇಸ್ಕೊಂಡು, ಮೇಲಿನ ಬ್ರೋಷರಿನ ಹಿಂಬದಿಯಲ್ಲಿ, ಅಡ್ಮಿಷನ್ ಫೋನ್ ನಂಬರಿನ ಪಕ್ಕ 'ರಾತ್ರಿ ಲೈಟು' ಅಂತ ಬರೆದುಕೊಂಡರು.